ಸರಕಾರಿ ಕೆಲಸದಲ್ಲಿ ಪೆಟ್ಟಾದರೆ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದುದು ವಾಚಕರಿಗೆ ವಿದಿತವಷ್ಟೆ. ಭೋರ್ಗರೆವ ನೀರಿನ ಮೇಲೆ ನಿಂತು ಒಂದು ವಾರದೊಳಗೆ ಸ್ಟಾಪ್‌ಲಾಗುಗಳನ್ನಿಳಿಸಿದ ಕೆಲಸಗಾರರನ್ನು ನಾಡು ಕೊಂಡಾಡಿತು. ಅವರಲ್ಲೊಬ್ಬನ ಕೈ ಮುರಿದಿದ್ದರೆ ಅವನ ಮನೆಯವರು ಯಾರ ಬಾಗಿಲನ್ನು ತಟ್ಟಬೇಕಾಗಿತ್ತು?

1923ರ ಪರಿಹಾರ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯು ನಡೆದಿದೆ. ಅದರಂತೆ ಸರಕಾರದ ಇಲಾಖೆಯೂ ಒಡೆಯನೇ. ಕಂಪ್ಲಿಯ ಕಾಲುವೆಯಾಗಲಿ, ಹಂಪೆಯ ಕಲ್ಲುಕೆಲಸವಾಗಲಿ, ಸಂಡೂರಿನ ಸರಕಾರಿ ಗಣಿಯಾಗಲಿ, ‘ಅವನು ಗುತ್ತಿಗೆದಾರನ ಆಳು’ ಎಂದು ನುಣುಚಿಕೊಳ್ಳುವಂತಿಲ್ಲ. ಇ.ಎಸ್.ಐ. ವಿಮೆಯುಳ್ಳವರ ದಾರಿ ಬೇರೆ.

‘ಪರಿಹಾರ’ವೆಂದರೆ ಸಂಸ್ಕೃತದಲ್ಲಿ ನೀಗಿಸುವುದು, ಹೋದ ಕೈಯನ್ನು ಯಾವ ಹಣ ನೀಗಿಸೀತು! ಆದರೂ ಒಲೆ ಉರಿಯಬೇಕಲ್ಲ. ಶಾಶ್ವತವಾಗಿ ಪೂರ್ಣ ಅಶಕ್ತನಾದವನಿಗೆ ತಿಂಗಳ ಕೂಲಿಯ ನೂರಕ್ಕೆ 60 ಭಾಗವನ್ನೂ, ಮೃತನಾದರೆ ಕುಟುಂಬಕ್ಕೆ 50 ಭಾಗವನ್ನೂ ವಯಸ್ಸಿನ ಗುಣಕದಿಂದ ಗುಣಿಸಿ ಕೊಡತಕ್ಕದ್ದು.

ನನಗೆ ಕಂಡಂತೆ ಹಕ್ಕು ಕೆಡುವುದು ಕಾನೂನಿನ ಕೊರತೆಯಿಂದಲ್ಲ, ಕಾಗದದ ಕೊರತೆಯಿಂದ. ಪೆಟ್ಟಾದೊಡನೆ ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿ ನಕಲನ್ನಿಟ್ಟುಕೊಳ್ಳಬೇಕು; ಆಸ್ಪತ್ರೆಯ ಚೀಟಿ, ಕೂಲಿಯ ಲೆಕ್ಕ ಮನೆಯಲ್ಲಿರಬೇಕು. ಸಕ್ಷಮ ಪ್ರಾಧಿಕಾರಿಗೆ ಎರಡು ವರ್ಷದೊಳಗೆ ಅರ್ಜಿ ಸಲ್ಲಬೇಕು. ಹಕ್ಕು ಬಿಟ್ಟೆನೆಂದು ಗುತ್ತಿಗೆದಾರನು ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರವು ಊರ್ಜಿತವಲ್ಲ. ಮೃತನ ಪರಿಹಾರವನ್ನಂತೂ ಒಡೆಯನು ಪ್ರಾಧಿಕಾರಿಯಲ್ಲಿಯೇ ಠೇವಣಿಯಿಡಬೇಕು.