ಹಣವೊಂದೇ ಸಾಕೆ? ಜಪಾನಿನ ಮುಂದಿರುವ ಪ್ರಶ್ನೆ

ಸಿರಿವಂತ ರಾಷ್ಟ್ರವೊಂದು ಲೋಕದ ಆಗುಹೋಗುಗಳಲ್ಲಿ ಎಂಥ ಪಾತ್ರ ವಹಿಸಬೇಕು? ಜಪಾನಿನಲ್ಲಿ ಈ ಚರ್ಚೆ ಇಂದಿಗೂ ಮುಗಿದಿಲ್ಲ.

1947ರಲ್ಲಿ ಜಾರಿಗೆ ಬಂದ ಅಲ್ಲಿನ ಸಂವಿಧಾನದ 9ನೆಯ ವಿಧಿಯು ಯುದ್ಧವನ್ನು ಶಾಶ್ವತವಾಗಿ ತ್ಯಜಿಸುತ್ತದೆ. ರಕ್ಷಣೆಗೆ ಬಹುಮಟ್ಟಿಗೆ ಅಮೆರಿಕವನ್ನು ನೆಚ್ಚಿಕೊಂಡ ಜಪಾನ್, ಉದ್ಯಮ ಮತ್ತು ವ್ಯಾಪಾರಗಳಲ್ಲಿ ಬೆಳೆಯಿತು.

1991ರ ಕೊಲ್ಲಿ ಯುದ್ಧ ಈ ನೀತಿಯನ್ನು ಒರೆಗೆ ಹಚ್ಚಿತು. ಆಗ ಜಗತ್ತಿನ ಎರಡನೆಯ ದೊಡ್ಡ ಆರ್ಥಿಕ ಶಕ್ತಿಯಾಗಿದ್ದ ಜಪಾನ್ ಸುಮಾರು 1300 ಕೋಟಿ ಡಾಲರ್ ನೀಡಿತು. ಯುದ್ಧಕ್ಕೆ ಯೋಧರನ್ನು ಕಳುಹಿಸಲಿಲ್ಲ. ಯುದ್ಧಾನಂತರ ಕುವೈತ್ ಅಮೆರಿಕದ ಪತ್ರಿಕೆಗಳಲ್ಲಿ ಪ್ರಕಟಿಸಿದ ಕೃತಜ್ಞತಾ ಜಾಹೀರಾತಿನಲ್ಲಿ ಜಪಾನಿನ ಹೆಸರೇ ಇರಲಿಲ್ಲ!

ಈ ಮುಖಭಂಗದ ಬಳಿಕ, 1992ರಲ್ಲಿ ಶಾಂತಿಪಾಲನಾ ಕಾಯಿದೆ ಬಂತು. ಸ್ವರಕ್ಷಣಾ ಪಡೆಯ ತುಕಡಿ ರಸ್ತೆ, ಸೇತುವೆಗಳ ದುರಸ್ತಿಗೆಂದು ಕಾಂಬೋಡಿಯಕ್ಕೆ ತೆರಳಿತು. 2015ರ ಕಾನೂನುಗಳು ಇನ್ನೂ ಮುಂದೆ ಹೋದವು: ಆಪ್ತ ರಾಷ್ಟ್ರದ ಮೇಲಿನ ದಾಳಿಯಿಂದ ಜಪಾನಿನ ಉಳಿವಿಗೇ ಅಪಾಯ ಒದಗಿದರೆ ಬಲಪ್ರಯೋಗಕ್ಕೆ ಅವಕಾಶವಿತ್ತವು. ರಕ್ಷಣಾ ವೆಚ್ಚವನ್ನು ರಾಷ್ಟ್ರೀಯ ಉತ್ಪನ್ನದ ಶೇಕಡಾ 2ಕ್ಕೆ ಏರಿಸುವ ನಿರ್ಧಾರ 2022ರಲ್ಲಾಯಿತು.

ಚೀನಾದ ಬಲವರ್ಧನೆ, ಉತ್ತರ ಕೊರಿಯಾದ ಕ್ಷಿಪಣಿಗಳ ಎದುರು ಸುಮ್ಮನಿರಲಾದೀತೇ ಎಂಬುದು ಒಂದು ವಾದ. ಯುದ್ಧದ ಬೆಲೆಯನ್ನು ಹಿರೋಷಿಮಾ, ನಾಗಸಾಕಿಗಳಲ್ಲಿ ತೆತ್ತವರು ಮತ್ತೆ ಆ ದಾರಿ ಹಿಡಿಯಬಾರದೆಂಬುದು ಇನ್ನೊಂದು. 9ನೆಯ ವಿಧಿಯ ಒಂದಕ್ಷರವೂ ಬದಲಾಗಿಲ್ಲ. ಅದಕ್ಕೆ ಹೇಳುವ ಅರ್ಥ ಮಾತ್ರ ಬದಲಾಗುತ್ತ ಬಂದಿದೆ.