ಸಂಗೊಳ್ಳಿಯಿಂದ ಪಶುಪತಿನಾಥಕ್ಕೆ: ಅಲ್ಪವ್ಯಯದ ಯಾತ್ರೆಯ ಏಳುಬೀಳುಗಳು

ಪರದೇಶದ ಪುರಾತನ ದೇವಾಲಯಗಳನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಯಾರಿಗಿಲ್ಲ? ಆಸೆಗೂ ಕಿಸೆಗೂ ಇರುವ ಅಂತರವೇ ಬಹುಮಂದಿಯನ್ನು ಮನೆಯಲ್ಲಿ ಕೂಡಿಸಿರುತ್ತದೆ. ಆದರೆ ಪರದೇಶವಾಗಿಯೂ ನೆರೆಮನೆಯಂತಿರುವ ನಾಡೊಂದಿದೆ, ಅದು ನೇಪಾಳ. ಭಾರತೀಯರು ಅಲ್ಲಿಗೆ ಹೋಗಲು ವೀಸಾ ಬೇಕಿಲ್ಲ. ಭೂಮಾರ್ಗದಿಂದ ಹೋಗುವವರಿಗೆ ಚುನಾವಣಾ ಗುರುತಿನ ಚೀಟಿಯೇ ಸಾಕು. ಕಾಠ್ಮಂಡುವಿನ ಪಶುಪತಿನಾಥನ ಅರ್ಚಕರಾದ ಭಟ್ಟರು ಕರ್ನಾಟಕ ಮೂಲದವರಾಗಿರುವುದು ಬಹುಕಾಲದ ಸಂಪ್ರದಾಯವಾದುದರಿಂದ ಕನ್ನಡಿಗರಿಗೆ ಆ ದೇಗುಲ ತೀರ ಅಪರಿಚಿತವೂ ಅಲ್ಲ.

ಮಲಪ್ರಭೆಯ ದಂಡೆಯ ಸಂಗೊಳ್ಳಿಯಲ್ಲಿರುವ ನಮ್ಮ ದೊಡ್ಡವ್ವ ಎಮ್ಮೆಯ ಹಾಲು ಮಾರಿ ಆರು ವರ್ಷ ಕೂಡಿಸಿಟ್ಟ ಗಂಟನ್ನು ನಮ್ಮ ಮುಂದಿಟ್ಟು, “ತಮ್ಮಾ, ಇಷ್ಟರಾಗ ಪಶುಪತಿನಾಥನ್ನ ತೋರಿಸಿಕೊಂಡು ಬರ್ತಿ ಏನು?” ಎಂದು ಕೇಳಿದರು. ಆಗದೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಬೇಸಗೆಯ ರಜೆಯಲ್ಲಿ ನಾವೂ ಅವರೂ ನಮ್ಮ ಇಬ್ಬರು ವಿದ್ಯಾರ್ಥಿಗಳೂ ಹೊರಟೆವು. ಖಡಕ್ ರೊಟ್ಟಿ, ಶೇಂಗಾಚಟ್ನಿ, ಸ್ವಲ್ಪ ಅಕ್ಕಿಬೇಳೆಗಳೇ ನಮ್ಮ ಬುತ್ತಿ. ಬೈಲಹೊಂಗಲದವರೆಗೆ ಬಸ್ಸು, ಅಲ್ಲಿಂದ ಬೆಳಗಾವಿ, ಮುಂದೆ ಗಾಡಿ ಬದಲಿಸುತ್ತ ಗೋರಖಪುರ. ಮತ್ತೆ ಬಸ್ಸಿನಲ್ಲಿ ಸುನೌಲಿ. ಅಲ್ಲಿಯ ಗಡಿಯನ್ನು ಕಾಲ್ನಡಿಗೆಯಿಂದಲೇ ದಾಟಿ ಭೈರಹವಾ ಎಂಬ ಊರಿನಲ್ಲಿ ರಾತ್ರಿ ಕಳೆದೆವು.

ಮೊದಲನೆಯ ಪೆಟ್ಟು ಮರುದಿನ ಮುಂಜಾನೆಯೇ ಬಿದ್ದಿತು. ಕಾಠ್ಮಂಡುವಿನ ಬಸ್ಸು ಏಳು ಗಂಟೆಗೆ. ನಮ್ಮ ಕೈಗಡಿಯಾರದಲ್ಲಿ ಏಳಕ್ಕೆ ಹತ್ತು ನಿಮಿಷವಿರುವಾಗಲೇ ನಿಲ್ದಾಣ ಸೇರಿದೆವು. ಆದರೆ ಬಸ್ಸು ಹೋಗಿ ಐದು ನಿಮಿಷವಾಗಿತ್ತು! ಭೂಗೋಳವನ್ನು ಓದಿ ಮರೆತುದಕ್ಕೆ ತೆತ್ತ ದಂಡವಿದು. ಭೂಮಿ 24 ಗಂಟೆಗಳಲ್ಲಿ 360 ಅಂಶ ತಿರುಗುತ್ತದೆ. ಎಂದರೆ ಒಂದು ಅಂಶಕ್ಕೆ ನಾಲ್ಕು ನಿಮಿಷ. ಭಾರತದ ಗಡಿಯಾರವು 82½ ಅಂಶ ಪೂರ್ವ ರೇಖಾಂಶವನ್ನು ಅನುಸರಿಸಿದರೆ, ನೇಪಾಳದ್ದು ಗೌರೀಶಂಕರ ಶಿಖರದ ಬಳಿ ಹಾಯುವ 86¼ ಅಂಶವನ್ನು ಅನುಸರಿಸುತ್ತದೆ. ಅಂತರ 3¾ ಅಂಶ. ಅದನ್ನು ನಾಲ್ಕರಿಂದ ಗುಣಿಸಿದರೆ ಸರಿಯಾಗಿ 15 ನಿಮಿಷ. ಲೆಕ್ಕ ಸುಲಭ, ಬಸ್ಸು ಮಾತ್ರ ತಪ್ಪಿತು.

ಮುಂದಿನ ಬಸ್ಸು ಹಿಡಿದು ಘಟ್ಟಗಳನ್ನು ಹತ್ತಿಳಿದು ಕಾಠ್ಮಂಡು ಸೇರುವಾಗ ರಾತ್ರಿ ಬಹಳವಾಗಿತ್ತು. ದೊಡ್ಡವ್ವ ದಣಿದಿದ್ದರು. ಮೊದಲು ಕಂಡ ವಸತಿಗೃಹದಲ್ಲಿ “ಸಾವಿರ ರೂಪಾಯಿ” ಎಂದುದಕ್ಕೆ ತಲೆಯಾಡಿಸಿ ಮಲಗಿದೆವು. ಬೆಳಗಾದ ಮೇಲೆ ಅದು ಭಾರತದ ಸಾವಿರವೆಂದು ತಿಳಿಯಿತು. 1993ರಿಂದ ನಮ್ಮ ಒಂದು ರೂಪಾಯಿಗೆ ನೇಪಾಳದ 1.60 ರೂಪಾಯಿಯ ದರ ಸ್ಥಿರವಾಗಿದೆ. ಹೀಗಾಗಿ ನಾವು 625 ರೂಪಾಯಿಯೆಂದು ತಿಳಿದಿದ್ದ ಕೋಣೆಗೆ 375 ರೂಪಾಯಿ ಅಧಿಕ ತೆತ್ತೆವು. “ಏಳೆಂಟು ಲೀಟರ್ ಹಾಲು ಚೆಲ್ಲಿಧಂಗ ಆತು” ಎಂದರು ದೊಡ್ಡವ್ವ. ಸಂಖ್ಯೆಯನ್ನು ಹೇಳಿ ಅದರ ಮಾನವನ್ನು ಹೇಳದ ವಿದ್ಯಾರ್ಥಿಯ ಅಂಕಗಳನ್ನು ಕಳೆಯುವ ನಾವೇ ಅದೇ ತಪ್ಪನ್ನು ಮಾಡಿದ್ದೆವು!

ಅಂದೇ ಧರ್ಮಶಾಲೆಯೊಂದಕ್ಕೆ ಹೋಗಿ ಅಡಿಗೆ ಹೂಡಿದೆವು. ನೀರು ಕುದಿಯಿತು, ಅನ್ನವೂ ಆಯಿತು. ತೊಗರಿಬೇಳೆ ಮಾತ್ರ ಊರಿನಲ್ಲಿ ಬೇಯುವ ಹೊತ್ತಿಗೆ ಬೇಯಲಿಲ್ಲ. ಕಾಠ್ಮಂಡು ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಸಮುದ್ರತೀರದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ವಾಯುವಿನ ಒತ್ತಡ ಅಲ್ಲಿ ಸುಮಾರು 640ಕ್ಕೆ ಇಳಿದಿರುತ್ತದೆ. ಒತ್ತಡ ಇಳಿದಂತೆ ನೀರಿನ ಕುದಿಬಿಂದುವೂ ಇಳಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ. ಬೈಲಹೊಂಗಲದ ಸೀಮೆಯಲ್ಲಿ 98 ಡಿಗ್ರಿಯ ಸಮೀಪ ಕುದಿಯುವ ನೀರು ಅಲ್ಲಿ 95ರ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಉರಿ ಹೆಚ್ಚಿಸಿದರೆ ನೀರು ಬೇಗ ಆವಿಯಾಗುವುದಲ್ಲದೆ ಅದರ ಉಷ್ಣಮಾನ ಏರದು. ಧರ್ಮಶಾಲೆಯ ಅಡಿಗೆಯಾಕೆ ನಗುತ್ತ ತನ್ನ ಕುಕ್ಕರನ್ನು ಕೊಟ್ಟಳು. ಆ ಮುಚ್ಚಳದ ಕೆಳಗೆ ಒತ್ತಡವೇರಿ ಬೇಳೆ ಕರಗಿತು. ಇಂಥ ಆದರವೂ ಬಡಯಾತ್ರಿಕನ ಪಾಲಿಗೆ ಬರುವ ಲಾಭವೇ.

ಪಶುಪತಿನಾಥನ ದರ್ಶನ ನಿರ್ವಿಘ್ನವಾಗಿ ಆಯಿತು. ಬಾಗಮತೀ ನದಿಯ ದಂಡೆಯಲ್ಲಿ ದೊಡ್ಡವ್ವ ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದರು. ಮರುದಿನ ನಗರದ ಬಸ್ಸು ಹಿಡಿದು ಭಕ್ತಪುರಕ್ಕೆ ಹೋದೆವು. ಅಲ್ಲಿ ಭೂಪತೀಂದ್ರ ಮಲ್ಲನು 1702ರಲ್ಲಿ ಕಟ್ಟಿಸಿದ, ಐದು ಮಾಡುಗಳುಳ್ಳ, ಸುಮಾರು 30 ಮೀಟರ್ ಎತ್ತರದ ನ್ಯಾತಪೋಲ ದೇವಾಲಯವಿದೆ. ಅದು 1934ರ ಮಹಾಕಂಪಕ್ಕೂ 2015ರ ಕಂಪಕ್ಕೂ ಬೀಳದೆ ನಿಂತಿತು. ಸಮೀಪದ ವತ್ಸಲಾ ದೇವಿಯ ಕಲ್ಲಿನ ಗುಡಿಯಾದರೋ 2015ರಲ್ಲಿ ಕುಸಿದುಬಿದ್ದು, ಅನಂತರ ಮರಳಿ ಕಟ್ಟಲ್ಪಟ್ಟಿತು. ದೊಡ್ಡವ್ವ ಎರಡನ್ನೂ ನೋಡಿ ಕೇಳಿದರು: “ಎರಡೂ ದೇವರ ಗುಡಿನ ಅಲ್ಲೇನು ತಮ್ಮಾ? ಒಂದು ಯಾಕ ಬಿತ್ತು, ಒಂದು ಯಾಕ ನಿಂತೈತಿ?”

ಇದು ಭಕ್ತರ ಪ್ರಶ್ನೆಯೂ ಹೌದು, ಭೌತವಿಜ್ಞಾನದ ಪ್ರಶ್ನೆಯೂ ಹೌದು. ನಾಗರಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಪ್ರತಿ ಜೋಕಾಲಿಗೂ ತನ್ನದೇ ಆದ ಆಂದೋಲನಕಾಲವಿದೆ. ಅದಕ್ಕೆ ಹೊಂದುವಂತೆ ನೂಕಿದರೆ ಮೆಲ್ಲನೆಯ ನೂಕೂ ಅದನ್ನು ಮುಗಿಲಿಗೇರಿಸುತ್ತದೆ. ಇದೇ ಅನುನಾದ. ಕಟ್ಟಡಗಳಿಗೂ ಇಂಥ ಕಾಲವಿರುತ್ತದೆ: ಗಿಡ್ಡ ಮನೆಗೆ ಸೆಕೆಂಡಿನ ಅಲ್ಪಾಂಶ, ಎತ್ತರದ ಕಟ್ಟಡಕ್ಕೆ ಹೆಚ್ಚು. ಕಾಠ್ಮಂಡುವಿನ ಕಣಿವೆ ಹಿಂದೊಮ್ಮೆ ಸರೋವರವಾಗಿದ್ದು, ಅದರ ತಳದ ಹೂಳು ನೂರಾರು ಮೀಟರ್ ದಪ್ಪವಾಗಿದೆ. 2015ರ ಏಪ್ರಿಲ್ 25ರಂದು, ನೇಪಾಳದ ಗಡಿಯಾರದಲ್ಲಿ 11 ಗಂಟೆ 56 ನಿಮಿಷಕ್ಕೆ, 7.8 ಪ್ರಮಾಣದ ಕಂಪ ಬಂದಾಗ ಈ ಹೂಳಿನ ಬೋಗುಣಿ ನಾಲ್ಕೈದು ಸೆಕೆಂಡುಗಳಿಗೊಮ್ಮೆ ತೂಗಿತು. ಈ ನಿಧಾನದ ತೂಗು ಗಿಡ್ಡ ಮನೆಗಳ ಕಾಲಕ್ಕೆ ಹೊಂದಲಿಲ್ಲ. ಕಣಿವೆಯಲ್ಲಿ ಹಾನಿ ಎಣಿಸಿದುದಕ್ಕಿಂತ ಕಡಿಮೆಯಾಗಲು ಇದೂ ಒಂದು ಕಾರಣ. ಆದರೂ ದೇಶದಲ್ಲಿ ಸುಮಾರು 9,000 ಜನ ಮಡಿದರು. ಕಾಠ್ಮಂಡುವಿನ ನೆಲ ಸುಮಾರು ಒಂದು ಮೀಟರ್ ಮೇಲೆದ್ದಿತು.

ಕಲ್ಲು ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ. ಎಳೆಯುವ ಬಲವನ್ನು ತಾಳದು. ನೆಲ ಅಡ್ಡಲಾಗಿ ತೂಗಿದಾಗ ಗೋಡೆಯ ಒಂದು ಪಕ್ಕದಲ್ಲಿ ಎಳೆತ ಉಂಟಾಗಿ ಸಂದುಗಳು ಬಾಯ್ದೆರೆಯುತ್ತವೆ. ನ್ಯಾತಪೋಲದಲ್ಲಿ ಇಟ್ಟಿಗೆಯ ಗೋಡೆಗಳನ್ನು ಮರದ ತೊಲೆಗಳು ಬಿಗಿದಿವೆ. ಮರ ಎಳೆತವನ್ನು ತಾಳುತ್ತದೆ. ಅದರ ಕೀಲುಗಳು ತುಸು ಜರುಗಿ, ತಿಕ್ಕಾಟದಲ್ಲಿ ಕಂಪದ ಶಕ್ತಿಯನ್ನು ಕಳೆಯುತ್ತವೆ. ಐದು ಮೆಟ್ಟಿಲಿನ ಅಗಲವಾದ ಪೀಠ, ಮೇಲೇರಿದಂತೆ ಕಿರಿದಾಗುವ ಮೈ, ಚೌಕವಾದ ತಲವಿನ್ಯಾಸ – ಇವುಗಳಿಂದ ಗುರುತ್ವಕೇಂದ್ರ ಕೆಳಗಿದ್ದು, ಕಟ್ಟಡ ತಿರುಚಿಕೊಳ್ಳುವುದಿಲ್ಲ. ಹಾಗೆಂದು ಮರವೊಂದೇ ರಕ್ಷೆಯಲ್ಲ. ಹೆಸರಿನಲ್ಲಿಯೇ ಕಾಷ್ಠವುಳ್ಳ ಕಾಷ್ಠಮಂಡಪ ಅಂದೇ ನೆಲಸಮವಾಯಿತು. ಈಗ ಅದನ್ನೂ ಮರಳಿ ಕಟ್ಟಿದ್ದಾರೆ. ವಸ್ತು, ಆಕಾರ, ಕೀಲು, ಕಾಲಕಾಲದ ಆರೈಕೆ, ಇವೆಲ್ಲ ಕೂಡಿದರೇ ಕಟ್ಟಡ ಬಾಳುತ್ತದೆ.

ಇದನ್ನೆಲ್ಲ ಸರಳವಾಗಿ ತಿಳಿಸಿದಾಗ ದೊಡ್ಡವ್ವ, “ಹಂಗಾರ ದೇವರ ಸಿಟ್ಟಲ್ಲ, ಕಟ್ಟಿದ ರೀತಿ ಅನ್ನು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮ ಕಡೀ ಗುಡಿಗೆ ಏನು ಭಯ?” ಎಂದೂ ಕೇಳಿದರು.

ನಮ್ಮ ಕಡೆಯ ಭಯ ಬೇರೆ. ಸಂಗೊಳ್ಳಿಯ ಪಕ್ಕದಲ್ಲಿ ಹರಿಯುವ ಮಲಪ್ರಭೆಯೇ ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಸೋಕಿ ಹೋಗುತ್ತಾಳೆ. 2019ರ ಆಗಸ್ಟಿನಲ್ಲಿ ಆಕೆಯ ಪ್ರವಾಹ ಪಟ್ಟದಕಲ್ಲಿನ ದೇವಾಲಯಗಳ ಆವರಣವನ್ನು ಹೊಕ್ಕಿತ್ತು. ಅಲ್ಲಿ ನೆಲ ನಡುಗುತ್ತದೆ, ಇಲ್ಲಿ ನೀರು ಏರುತ್ತದೆ. ಎರಡನ್ನೂ ಅಳೆಯಬಹುದು, ಅಳೆದು ಎಚ್ಚರವಾಗಿರಬಹುದು.

ಹಾಲಿನ ಗಂಟು ಬರಿದಾಯಿತಾದರೂ ದೊಡ್ಡವ್ವ ನಷ್ಟವಾಯಿತೆಂದು ಒಮ್ಮೆಯೂ ಹೇಳಲಿಲ್ಲ. ವಿಮಾನದಲ್ಲಿ ಹೋಗಿ ದೊಡ್ಡ ಹೋಟೆಲಿನಲ್ಲಿ ಇಳಿದಿದ್ದರೆ ರೇಖಾಂಶ, ಕುದಿಬಿಂದು, ಮಾನಗಳು ನಮ್ಮ ಗಮನಕ್ಕೇ ಬರುತ್ತಿರಲಿಲ್ಲ. ವಿದ್ಯಾರ್ಥಿಮಿತ್ರರೇ, ಕಿಸೆ ಹಗುರವಾಗಿದ್ದರೂ ಹೊರಡಿರಿ. ನೇಪಾಳ ದೂರವಾದರೆ ಪಟ್ಟದಕಲ್ಲಿಗೆ ಬಸ್ಸಿದೆ. ಜೊತೆಗೊಂದು ನೋಟುಪುಸ್ತಕವಿರಲಿ. ಗಡಿಯಾರವನ್ನು ಮಾತ್ರ ಗಡಿಯಲ್ಲಿಯೇ ತಿರುಗಿಸಿಕೊಳ್ಳಿರಿ.