ಊರಿನ ಖಾತೆಯ ಹೆಸರಿನಲ್ಲಿ ಬರುವ ಸುಳ್ಳು ಸಂದೇಶಗಳು

ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಊರಿನ ಶಾಖೆಯ ಹಳೆಯ ಖಾತೆಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ತೋಟದ ಹಣ, ಠೇವಣಿಯ ಬಡ್ಡಿ, ಹಿರಿಯರ ಪಿಂಚಣಿ ಅಲ್ಲಿಗೇ ಜಮೆಯಾಗುತ್ತದೆ. "ಕೆವೈಸಿ ಮಾಡಿಸದ ಕಾರಣ ನಿಮ್ಮ ಖಾತೆ ಇಂದು ರಾತ್ರಿಯೇ ಸ್ಥಗಿತಗೊಳ್ಳಲಿದೆ, ಕೂಡಲೇ ಈ ಲಿಂಕ್ ಒತ್ತಿರಿ" ಎಂಬ ಸಂದೇಶ ಇಂಥವರನ್ನು ಬಹುಬೇಗ ಕಂಗೆಡಿಸುತ್ತದೆ. ರಜೆ ಹಾಕಿ ಊರಿಗೆ ಹೋಗುವುದಕ್ಕಿಂತ ಮೊಬೈಲಿನಲ್ಲೇ ಕೆಲಸ ಮುಗಿಸೋಣವೆನ್ನಿಸುವುದು ಸಹಜ. ವಂಚಕರು ಕಾದಿರುವುದೂ ಅದಕ್ಕೇ.

ಇಲ್ಲಿ ಅರ್ಧ ಸತ್ಯವಿರುವುದೇ ತೊಡಕು. ಕಾಲಕಾಲಕ್ಕೆ ಕೆವೈಸಿ ನವೀಕರಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮವೇ ಸರಿ. ಆದರೆ ಕಡಿಮೆ ಅಪಾಯದ ವರ್ಗದ ಗ್ರಾಹಕರಿಗೆ, ಅಂದರೆ ಬಹುಮಟ್ಟಿಗೆ ಸಂಬಳದಾರರು ಮತ್ತು ಪಿಂಚಣಿದಾರರಿಗೆ, ಅದರ ಅವಧಿ 10 ವರ್ಷ. ವಿವರಗಳು ಬದಲಾಗದಿದ್ದರೆ ಒಂದು ಸ್ವಘೋಷಣಾ ಪತ್ರ ಸಾಕು. ಅದನ್ನು ಆ ಬ್ಯಾಂಕಿನ ಯಾವುದೇ ಶಾಖೆಯಲ್ಲಿ, ಎಂದರೆ ಇಲ್ಲಿನ ಶಾಖೆಯಲ್ಲಿಯೂ, ಸಲ್ಲಿಸಬಹುದು. ಈ ಒಂದು ವಿಷಯ ತಿಳಿದಿದ್ದರೆ ಸಂದೇಶದ ಅರ್ಧ ಬಲ ಉಡುಗಿಹೋಗುತ್ತದೆ.

ಹೆಸರುಗಳ ವಿಚಾರವೂ ಉಂಟು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು, ನಮ್ಮ ವಡೋದರಾದಲ್ಲೇ ಹುಟ್ಟಿದ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕನ್ನೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕನ್ನೂ ಸೇರಿದವು. ಹಳೆಯ ಪಾಸ್‌ಪುಸ್ತಕದ ಮೇಲಿನ ಅಭಿಮಾನ ಬೇರೆ ಮಾತು. ಆ ಹೆಸರುಗಳಲ್ಲಿ ಇಂದು ಸಂದೇಶ ಬಂದರೆ ಅದು ಸುಳ್ಳೆಂದೇ ತಿಳಿಯತಕ್ಕದ್ದು.

ಬ್ಯಾಂಕಿನ ನಿಜವಾದ ಸಂದೇಶ ಹತ್ತು ಅಂಕಿಯ ಸಾಮಾನ್ಯ ಮೊಬೈಲಿನಿಂದ ಬರುವುದಿಲ್ಲ, ನೋಂದಾಯಿತ ಹೆಸರಿನಿಂದ ಬರುತ್ತದೆ. 2025ರ ಮೇ ತಿಂಗಳಿನಿಂದ ಆ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರವೂ ಸೇರಿದೆ: ವ್ಯವಹಾರಕ್ಕೆ ಟಿ, ಸೇವೆಗೆ ಎಸ್, ಜಾಹೀರಾತಿಗೆ ಪಿ. ಹೆಸರನ್ನೂ ನಕಲು ಮಾಡುವವರಿರುವುದರಿಂದ ಇಷ್ಟನ್ನೇ ನಂಬಿ ಕೂರುವಂತಿಲ್ಲ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು. ಆದುದರಿಂದ ಲಿಂಕ್ ಒತ್ತದೆ ಆ ವಿಳಾಸವನ್ನು ತಾವೇ ಟೈಪ್ ಮಾಡುವುದು ಕ್ಷೇಮ. ವಾಟ್ಸಾಪಿನಲ್ಲಿ ಬರುವ 'ಎಪಿಕೆ' ಎಂಬ ಕಡತವನ್ನಂತೂ ತೆರೆಯಲೇಬಾರದು. ಅದು ಮೊಬೈಲಿಗೆ ಬರುವ ಒಟಿಪಿಯನ್ನು ನಮಗಿಂತ ಮೊದಲೇ ಓದಬಲ್ಲದು.

ಹಣ ಹೋದರೆ? ನಾಚಿಕೆಯಿಂದ ಮನೆಯವರಿಗೂ ಹೇಳದೆ ಎರಡು ದಿನ ಕಳೆದು ಶಾಖೆಗೆ ಬರುವವರನ್ನು ಕಂಡಾಗ ಬಹಳ ಬೇಸರವಾಗುತ್ತದೆ. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ವಿಧಿಸಿದ ನಿಯಮದ ಪ್ರಕಾರ, ಒಟಿಪಿಯನ್ನು ಗ್ರಾಹಕರೇ ತಿಳಿಸಿದ್ದರೆ ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಅವರದು, ಅನಂತರದ ನಷ್ಟ ಬ್ಯಾಂಕಿನದು. ಆದುದರಿಂದ ಮೊದಲು ಬ್ಯಾಂಕಿಗೆ, ಒಡನೆಯೇ 1930 ಸಂಖ್ಯೆಗೆ ತಿಳಿಸಬೇಕು. ಅಲ್ಲಿ ಮೊತ್ತ, ಸಮಯ, ವ್ಯವಹಾರದ ಸಂಖ್ಯೆ ಕೇಳುತ್ತಾರೆ. ಸಿಟ್ಟಿನ ಭರದಲ್ಲಿ ಆ ಸಂದೇಶವನ್ನು ಅಳಿಸಿಹಾಕಬೇಡಿ.